ಮಕ್ಕಳ ಕಣ್ಣಿನ ಪೊರೆ: ಕಣ್ಣೊಳಗೆ ಏನೇನು ಬದಲಾಗುತ್ತದೆ? ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಪ್ಟೋಮೆಟ್ರಿಸ್ಟ್. ಮಕ್ಕಳ ಕಣ್ಣಿನ ವಿಭಾಗದಲ್ಲಿ ಕೆಲಸ. ಪವರ್ ನೋಡುವುದು, ಪ್ಯಾಚ್ (ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚುವ ಪಟ್ಟಿ) ಹಾಕುವುದನ್ನು ಕಲಿಸುವುದು, ಡಾಕ್ಟರ್ ಹೇಳಿದ್ದನ್ನು ಮನೆಯವರಿಗೆ ಇನ್ನೊಂದು ಸಲ ಬಿಡಿಸಿ ಹೇಳುವುದು, ಇದೇ ನನ್ನ ದಿನ. "ಅಜ್ಜನಿಗೆ ಪೊರೆ ಬಂತು, ಸರಿ. ಎರಡು ತಿಂಗಳ ಕೂಸಿಗೆ ಹೇಗೆ ಬಂತು?" ಎಂದು ಕೇಳದ ಮನೆಯವರೇ ಇಲ್ಲ. ಬೆಳೆಯುತ್ತಿರುವ ಕಣ್ಣಲ್ಲಿ ಪೊರೆ ನಡೆದುಕೊಳ್ಳುವ ರೀತಿಯೇ ಬೇರೆ. ಅದು ಗೊತ್ತಾದರೆ ಡಾಕ್ಟರ್ ಯಾಕೆ ಅಷ್ಟು ಅವಸರ ಮಾಡುತ್ತಾರೆ, ಯಾಕೆ ವರ್ಷಗಟ್ಟಲೆ ಬರಲು ಹೇಳುತ್ತಾರೆ ಅನ್ನುವುದೂ ಗೊತ್ತಾಗುತ್ತದೆ. ನಿಮ್ಮ ಮಗುವಿಗೆ ಏನು ಮಾಡಬೇಕು ಎಂದು ಹೇಳಬೇಕಾದವರು ಮಗುವನ್ನು ಪರೀಕ್ಷೆ ಮಾಡಿದ ಡಾಕ್ಟರ್. ಅವರ ಮಾತು ತಲೆಗೆ ಹತ್ತಲಿ ಅಂತ ಇಷ್ಟು ಬರೆದಿದ್ದೇನೆ.

ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆಯುವ ಪದರವಾ? ಉಜ್ಜಿ ತೆಗೆಯಲು ಆಗುವುದಿಲ್ಲವಾ?

ಇಲ್ಲ. ಈ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹಾವು ಬಿಡುವ ಪೊರೆಯ ಹಾಗೆ ಮೇಲೆ ಕೂತ ತೆಳು ಪದರ ಎಂದು ಅನ್ನಿಸುತ್ತದೆ. ನಿಜವಾಗಿ ಕಣ್ಣಿನ ಒಳಗೆ, ಕಪ್ಪು ಪಾಪೆಯ ಹಿಂದೆ ಒಂದು ಲೆನ್ಸ್ ಇದೆ. ಅವರೆಕಾಳಿನಷ್ಟು ಇರುವ ಆ ಲೆನ್ಸೇ ಮಂಜಾಗುವುದು ಪೊರೆ.

ಕಣ್ಣಿನ ಮುಂದಿನ ಗಾಜಿನಂಥ ಭಾಗ ಕಾರ್ನಿಯಾ. ಅದರ ಮೇಲೆ ಬಿಳಿ ಕಲೆ ಬಿದ್ದರೆ ನಮ್ಮ ಕಡೆ "ಕಣ್ಣಲ್ಲಿ ಹೂವು ಬಿದ್ದಿದೆ" ಅನ್ನುತ್ತಾರೆ. ಅದು ಬೇರೆ ಕಾಯಿಲೆ. ಹೊರಗಿನಿಂದ ನೋಡುವವರಿಗೆ ಎರಡೂ ಬೆಳ್ಳಗೆ ಕಾಣುತ್ತವೆ, ಅಷ್ಟೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಅದು ಪೊರೆಯೇ ಆಗಿರಬೇಕೆಂದಿಲ್ಲ. ರೆಟಿನೋಬ್ಲಾಸ್ಟೋಮ ಎಂಬ ಕಣ್ಣಿನ ಕ್ಯಾನ್ಸರ್ ಕೂಡ ಹಾಗೇ ಕಾಣುತ್ತದೆ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಬಂದಿದ್ದರೆ ಆ ಫೋಟೋ ಹಿಡಿದುಕೊಂಡು ಆ ವಾರವೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ನೀರಿನಷ್ಟು ತಿಳಿಯಾದ ಲೆನ್ಸ್ ಬೆಳ್ಳಗಾಗುವುದು ಹೇಗೆ?

ಲೆನ್ಸ್ ಒಂದು ಚೀಲದೊಳಗೆ ಇರುತ್ತದೆ. ಚೀಲದ ಮುಂಭಾಗದ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳು ಅಂಟಿಕೊಂಡಿರುತ್ತವೆ. ಅವು ಮೆಲ್ಲಗೆ ಅಂಚಿಗೆ ಸರಿದು ಉದ್ದುದ್ದ ಎಳೆಗಳಾಗುತ್ತವೆ. ಎಳೆಯಾಗುವಾಗ ತಮ್ಮೊಳಗಿನ ನ್ಯೂಕ್ಲಿಯಸ್ಸನ್ನೂ (ಜೀವಕೋಶದ ಕೇಂದ್ರ) ಕಳೆದುಕೊಳ್ಳುತ್ತವೆ. ಬೆಳಕಿಗೆ ಏನೂ ಅಡ್ಡ ಬರಬಾರದಲ್ಲ! ಒಳಗೆ ಉಳಿಯುವುದು ಮುಖ್ಯವಾಗಿ ಕ್ರಿಸ್ಟಲಿನ್ ಎಂಬ ಪ್ರೋಟೀನ್, ಒತ್ತೊತ್ತಾಗಿ, ಅಚ್ಚುಕಟ್ಟಾಗಿ ಜೋಡಿಸಿಕೊಂಡು. ಲೆನ್ಸಿಗೆ ರಕ್ತನಾಳ ಇಲ್ಲ. ಸುತ್ತಲಿನ ತಿಳಿನೀರಿನಿಂದಲೇ ಅದಕ್ಕೆ ಊಟ.

ಈ ಜೋಡಣೆ ಕೆಟ್ಟರೆ ಬೆಳಕು ಚದುರುತ್ತದೆ. ಹಸಿ ಮೊಟ್ಟೆಯ ಬಿಳಿ ಭಾಗ ಒಡೆದಾಗ ತಿಳಿಯಾಗಿರುತ್ತದೆ, ಕಾವಲಿ ಮೇಲೆ ಬಿದ್ದ ಕೂಡಲೇ ಬೆಳ್ಳಗಾಗುತ್ತದೆ ಅಲ್ವಾ? ಪ್ರೋಟೀನ್ ಮುದ್ದೆಗಟ್ಟಿದರೆ ಹಾಗೇ. ಅಜ್ಜನ ಕಣ್ಣಲ್ಲಿ ಇದಕ್ಕೆ ಅರವತ್ತು ವರ್ಷ ಹಿಡಿದಿರುತ್ತದೆ. ಮಗುವಿನಲ್ಲಿ ಪ್ರೋಟೀನ್ ತಯಾರಾಗುವಾಗಲೇ ತಪ್ಪಾಗಿರಬಹುದು. ಎಳೆಯಿಂದ ಎಳೆಗೆ ಉಪ್ಪು-ನೀರು ದಾಟಿಸುವ ಸಣ್ಣ ಬಾಗಿಲುಗಳು ಕೆಟ್ಟಿರಬಹುದು. ಒಳಗೆ ನೀರು ತುಂಬಿ ಎಳೆಗಳು ಉಬ್ಬಿರಬಹುದು.

ರಿಪೋರ್ಟಿನಲ್ಲಿ "ಲ್ಯಾಮೆಲ್ಲಾರ್" ಎಂದು ಬರೆದಿದ್ದಾರೆ. ಹಾಗಂದರೆ?

ಲೆನ್ಸ್ ಈರುಳ್ಳಿಯ ಹಾಗೆ ಬೆಳೆಯುತ್ತದೆ. ಹಳೆಯ ಪದರ ನಡುವೆ, ಹೊಸದು ಹೊರಗೆ. ಒಂದು ಪದರ ತಯಾರಾಗುವ ಹೊತ್ತಿಗೆ ಏನೋ ಏಟು ಬಿತ್ತು ಅಂತಿಟ್ಟುಕೊಳ್ಳಿ. ಆ ಪದರ ಮಾತ್ರ ಮಂಜಾಗುತ್ತದೆ. ಆಮೇಲೆ ಬರುವ ಪದರಗಳು ತಿಳಿಯಾಗಿದ್ದು, ಮಂಜಾದದ್ದನ್ನು ಒಳಗೆ ತಳ್ಳುತ್ತಾ ಹೋಗುತ್ತವೆ. ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ನೋಡಿದರೆ ತಿಳಿಯಾದ ನಡುಭಾಗ, ಅದರ ಸುತ್ತ ಬೂದು ಬಣ್ಣದ ಚಿಪ್ಪು, ಅದರ ಹೊರಗೆ ಮತ್ತೆ ತಿಳಿ. ಅದೇ ಲ್ಯಾಮೆಲ್ಲಾರ್. ಚಿಪ್ಪು ಎಷ್ಟು ಆಳದಲ್ಲಿದೆ ಎಂದು ನೋಡಿ ತೊಂದರೆ ಹೆಚ್ಚೂ ಕಡಿಮೆ ಯಾವಾಗ ಆಗಿರಬೇಕು ಎಂದು ಡಾಕ್ಟರ್ ಅಂದಾಜು ಮಾಡಬಲ್ಲರು. ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಸ್ವಲ್ಪ ದೃಷ್ಟಿ ಇರುತ್ತದೆ. ಎಷ್ಟೋ ಸಲ ಶಾಲೆಗೆ ಸೇರಿ, ಬೋರ್ಡ್ ಕಾಣುವುದಿಲ್ಲ ಎಂದಾಗಲೇ ಗೊತ್ತಾಗುವುದು.

"ನ್ಯೂಕ್ಲಿಯರ್" ಎಂದು ಬರೆದಿದ್ದರೆ ಲೆನ್ಸಿನ ನಟ್ಟನಡುವಿನ ಭಾಗವೇ ಮಂಜು. ಅದು ಬಸಿರಿನಲ್ಲೇ ತಯಾರಾದ ಭಾಗ. ಪಾಪೆಯ ನೇರಕ್ಕೆ ಇರುವುದರಿಂದ ದಟ್ಟವಾಗಿದ್ದರೆ ದೃಷ್ಟಿಗೆ ಪೂರ್ತಿ ಅಡ್ಡ. ಅಲ್ಲಲ್ಲಿ ಸಣ್ಣ ನೀಲಿ ಚುಕ್ಕೆಗಳಿದ್ದರೆ ಹೆಚ್ಚಿನ ಸಲ ಆಪರೇಷನ್ನೇ ಬೇಡ. ವರ್ಷಕ್ಕೊಮ್ಮೆ ತೋರಿಸುತ್ತಿದ್ದರೆ ಸಾಕಾಗಬಹುದು.

ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದೆ. ನನ್ನಿಂದಲೇ ಆಯಿತಾ?

ಇಲ್ಲಮ್ಮ, ಖಂಡಿತ ಇಲ್ಲ. ಈ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಅತ್ತೆ ಔಷಧಿ ತರಲು ಹೋದಾಗ ಮೆಲ್ಲಗೆ ಕೇಳುತ್ತಾರೆ. ಗ್ರಹಣಕ್ಕೂ ಪೊರೆಗೂ ಸಂಬಂಧವೇ ಇಲ್ಲ.

ನಿಜವಾದ ಕಾರಣಗಳಲ್ಲಿ ಒಂದು ರುಬೆಲ್ಲ. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಮೈಮೇಲೆ ಸಣ್ಣ ಗುಳ್ಳೆ, ಸಣ್ಣ ಜ್ವರ ಬಂದು ಹೋಗಿರುತ್ತದೆ, ಅವರಿಗೆ ನೆನಪೂ ಇರುವುದಿಲ್ಲ. ಆದರೆ ವೈರಸ್ ಕೂಸಿನ ಲೆನ್ಸಿನೊಳಗೆ ಸೇರಿಕೊಳ್ಳುತ್ತದೆ. ಎಳೆಗಳು ಕಳಚಬೇಕಾದ ನ್ಯೂಕ್ಲಿಯಸ್ಸನ್ನು ಕಳಚದೆ ಉಳಿಸಿಕೊಳ್ಳುತ್ತವೆ. ಹುಟ್ಟಿದ ಮೇಲೂ ವೈರಸ್ ಲೆನ್ಸಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವಂತವಾಗಿ ಇರಬಲ್ಲದು. ಅದಕ್ಕೇ ಇಂಥ ಕಣ್ಣು ಆಪರೇಷನ್ ನಂತರ ಜಾಸ್ತಿ ಊದಿಕೊಳ್ಳುತ್ತದೆ. ರುಬೆಲ್ಲ ಹೃದಯ ಮತ್ತು ಕಿವಿಯನ್ನೂ ಕೆಡಿಸಬಲ್ಲದು, ಅದಕ್ಕೇ ಅವನ್ನೂ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಈ ನಂಟನ್ನು ಮೊದಲು ಹಿಡಿದವರು ಸಿಡ್ನಿಯ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್. 1941ರಲ್ಲಿ ಅವರು ಹುಟ್ಟಿನಿಂದಲೇ ಪೊರೆ ಇದ್ದ 78 ಕೂಸುಗಳ ವಿವರ ಬರೆದರು. ಆ ತಾಯಂದಿರಲ್ಲಿ ಹೆಚ್ಚಿನವರಿಗೆ ಬಸಿರಿನ ಶುರುವಿನಲ್ಲಿ ರುಬೆಲ್ಲ ಬಂದಿತ್ತು. ಇವತ್ತು ಇದನ್ನು ತಡೆಯಲು ಲಸಿಕೆ ಇದೆ. ನಮ್ಮ ದೇಶದಲ್ಲಿ ದಡಾರ-ರುಬೆಲ್ಲ ಲಸಿಕೆ ಅಭಿಯಾನ 2017ರ ಫೆಬ್ರುವರಿಯಲ್ಲಿ ಶುರುವಾದಾಗ ಮೊದಲ ಸರದಿಯ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ದಯವಿಟ್ಟು ಮಕ್ಕಳಿಗೆ ಎರಡೂ ಡೋಸ್ ಹಾಕಿಸಿ, ಹೆಣ್ಣುಮಕ್ಕಳಿಗಂತೂ ಯಾವ ನೆಪಕ್ಕೂ ತಪ್ಪಿಸಬೇಡಿ.

ಇನ್ನೊಂದು ಕಾರಣ ಗ್ಯಾಲಕ್ಟೋಸೀಮಿಯ. ಇದು ಅಪರೂಪ. ಹಾಲಿನ ಸಕ್ಕರೆಯಲ್ಲಿರುವ ಗ್ಯಾಲಕ್ಟೋಸ್ ಈ ಕೂಸಿನ ಮೈಯಲ್ಲಿ ಕರಗುವುದಿಲ್ಲ. ಲೆನ್ಸಿನೊಳಗೆ ಅದು ಗ್ಯಾಲಕ್ಟಿಟಾಲ್ ಆಗಿ ಅಲ್ಲೇ ಸಿಕ್ಕಿಕೊಂಡು ನೀರನ್ನು ಎಳೆದುಕೊಳ್ಳುತ್ತದೆ. ಎಳೆಗಳು ಉಬ್ಬುತ್ತವೆ. ಬೆಳಕು ಹಾಯಿಸಿ ನೋಡಿದರೆ ನಡುವೆ ಎಣ್ಣೆ ಹನಿ ತೇಲುತ್ತಿರುವ ಹಾಗೆ ಕಾಣುತ್ತದೆ. ಬೇಗ ಗೊತ್ತಾಗಿ ಹಾಲು ನಿಲ್ಲಿಸಿದರೆ ಈ ಪೊರೆ ತಿಳಿಯಾಗಬಹುದು. ಹಾಗೆಂದು ಪರೀಕ್ಷೆ ಮಾಡಿಸದೆ ನೀವೇ ಎದೆಹಾಲು ನಿಲ್ಲಿಸಬೇಡಿ.

ಎಷ್ಟೋ ಮಕ್ಕಳಲ್ಲಿ ಕಾರಣ ಜೀನ್‌ನಲ್ಲಿ ಇರುತ್ತದೆ. ಸೋದರಮಾವ, ಅತ್ತೆಮಗ ಅಂತ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಕೆಲವು ಬಗೆಯ ಪೊರೆಯ ಸಾಧ್ಯತೆ ಹೆಚ್ಚು. ಇನ್ನು ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗದ ಮಕ್ಕಳೂ ಬಹಳ, ಅದರಲ್ಲೂ ಒಂದೇ ಕಣ್ಣಲ್ಲಿ ಪೊರೆ ಇರುವವರು.

ಒಂದು ಕಣ್ಣಲ್ಲಿ ಮಾತ್ರ ಪೊರೆ. ಆ ಕಣ್ಣು ನೋಡಲೂ ಚಿಕ್ಕದಾಗಿದೆ. ಯಾಕೆ?

ಬಸಿರಿನಲ್ಲಿ ಕೂಸಿನ ಲೆನ್ಸಿಗೆ ರಕ್ತ ಕೊಡಲು ಕಣ್ಣಿನ ಹಿಂಭಾಗದಿಂದ ಒಂದು ನಾಳ ಬರುತ್ತದೆ. ಹುಟ್ಟುವ ಮೊದಲೇ ಅದು ಕರಗಿ ಹೋಗಬೇಕು. ಕೆಲವು ಕೂಸುಗಳಲ್ಲಿ ಕರಗದೆ ಉಳಿಯುತ್ತದೆ. ಲೆನ್ಸಿನ ಬೆನ್ನಿಗೆ ನಾರಿನ ತೊಟ್ಟಿನ ಹಾಗೆ ಅಂಟಿಕೊಂಡು, ಸುತ್ತಲಿನ ಅಂಗಾಂಶವನ್ನು ನಡುವಿಗೆ ಎಳೆಯುತ್ತದೆ. ಕಣ್ಣು ಪೂರ್ತಿ ಬೆಳೆಯದೆ ಚಿಕ್ಕದಾಗಿ ಉಳಿಯಬಹುದು. ಈ ತೊಟ್ಟು ರೆಟಿನಾವನ್ನೂ (ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರ) ಜಗ್ಗುತ್ತಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಮುಂದೆ ಎಷ್ಟು ದೃಷ್ಟಿ ಬರಬಹುದು ಅನ್ನುವುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ.

ಚಿನ್ನಿದಾಂಡು ಆಡುವಾಗ ಏಟು ಬಿತ್ತು. ಮಾರನೇ ದಿನಕ್ಕೇ ಕಣ್ಣು ಬೆಳ್ಳಗಾಯಿತು. ಇದೂ ಪೊರೆಯಾ?

ಹೌದು. ಚೀಲ ಹರಿದರೆ ಕಣ್ಣೊಳಗಿನ ನೀರು ಲೆನ್ಸಿಗೆ ನುಗ್ಗುತ್ತದೆ. ಗಂಟೆಗಳಲ್ಲೇ ಬೆಳ್ಳಗಾಗಿ ಊದಿಕೊಳ್ಳಬಹುದು. ಕಣ್ಣು ಉಜ್ಜಬೇಡಿ, ಒತ್ತಬೇಡಿ, ಏನನ್ನೂ ಹಾಕಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಕೂಸಿಗೆ ಇನ್ನೂ ಆರು ವಾರ. ಸ್ವಲ್ಪ ದೊಡ್ಡದಾದ ಮೇಲೆ ಆಪರೇಷನ್ ಮಾಡಿಸಿದರೆ ಆಗುವುದಿಲ್ಲವಾ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಕಣ್ಣು ಹುಟ್ಟುವಾಗ ಬಹುಮಟ್ಟಿಗೆ ತಯಾರಾಗಿರುತ್ತದೆ, ನೋಡುವುದು ತಯಾರಾಗಿರುವುದಿಲ್ಲ. ಕಣ್ಣಿನಿಂದ ಬಂದ ಚಿತ್ರವನ್ನು ಓದಲು ಮೆದುಳು ಮೊದಲ ವಾರಗಳಲ್ಲಿ, ತಿಂಗಳುಗಳಲ್ಲಿ ಕಲಿಯುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು, ಕೆಲವು ವಾರಗಳ ನಂತರ ಬಿಚ್ಚಿ ನೋಡಿದರು. ಕಣ್ಣಿಗೆ ಏನೂ ಆಗಿರಲಿಲ್ಲ. ಆದರೆ ಮೆದುಳಿನಲ್ಲಿ ಆ ಕಣ್ಣಿಗೆ ಸೇರಿದ ಜೀವಕೋಶಗಳು ಕುಗ್ಗಿದ್ದವು, ಅದರ ಜಾಗವನ್ನು ಇನ್ನೊಂದು ಕಣ್ಣು ಹಿಡಿದುಕೊಂಡಿತ್ತು. ದೊಡ್ಡ ಬೆಕ್ಕಿಗೆ ಹೀಗೇ ಮಾಡಿದರೆ ಏನೂ ಆಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಪೊರೆ ಇರುವ ಕೂಸಿನ ಕಣ್ಣು ರೆಪ್ಪೆ ಹೊಲಿದ ಕಣ್ಣೇ.

ಅದಕ್ಕೇ ಹುಟ್ಟುತ್ತಲೇ ಒಂದು ಕಣ್ಣಲ್ಲಿ ದಟ್ಟ ಪೊರೆ ಇದ್ದರೆ ಸುಮಾರು 6 ವಾರದ ಹೊತ್ತಿಗೆ, ಎರಡರಲ್ಲೂ ಇದ್ದರೆ 8 ವಾರದ ಆಸುಪಾಸಿಗೆ ತೆಗೆಯಲು ನೋಡುತ್ತಾರೆ. ಒಂದೇ ಕಣ್ಣಿನ ಪೊರೆ ಹಗುರ ಎಂದುಕೊಳ್ಳಬೇಡಿ. ಚೆನ್ನಾಗಿರುವ ಕಣ್ಣು ಪೈಪೋಟಿ ಮಾಡುವುದರಿಂದ ಅದೇ ಕಷ್ಟ. ಕಣ್ಣುಗುಡ್ಡೆ ಅತ್ತಿತ್ತ ತೂಗಾಡಲು ಶುರುವಾದರೆ ಸಮಯ ಮೀರುತ್ತಿದೆ ಎಂದು ಅರ್ಥ. ಹಾಗಂತ 4 ವಾರಕ್ಕಿಂತ ಮೊದಲೇ ಮಾಡಿದರೆ ಮುಂದೆ ಕಣ್ಣಿನ ಒತ್ತಡ ಏರುವ ಅಪಾಯ ಹೆಚ್ಚು. ಆದ್ದರಿಂದ ಸಿಗುವ ಅವಧಿ ತೀರಾ ಚಿಕ್ಕದು. ನಮ್ಮಲ್ಲಿಗೆ ಬಂದ ಒಬ್ಬ ತಾಯಿಗೆ ಬೇರೆಲ್ಲೋ "ಐದು ವರ್ಷ ತುಂಬಲಿ" ಎಂದು ಹೇಳಿ ಕಳಿಸಿದ್ದರಂತೆ. ಅವರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಪೊರೆ ಇದ್ದಷ್ಟು ದಿನ ಕಣ್ಣಿನ ಬೇರೆ ಭಾಗ ಸುಮ್ನೆ ಇರುತ್ತದಾ?

ಇರುವುದಿಲ್ಲ. ಸ್ಪಷ್ಟ ಚಿತ್ರ ಸಿಗದ ಕಣ್ಣು ಎಷ್ಟು ಉದ್ದ ಬೆಳೆಯಬೇಕು ಎಂಬ ಲೆಕ್ಕ ತಪ್ಪುತ್ತದೆ. ಹಲವು ಮಕ್ಕಳಲ್ಲಿ ಪೊರೆಯ ಕಣ್ಣು ಇನ್ನೊಂದಕ್ಕಿಂತ ಉದ್ದವಾಗಿರುವುದನ್ನು ನಾವು ಅಳತೆಯಲ್ಲಿ ನೋಡುತ್ತೇವೆ. ಹೊರಗಿನ ಬಿಳಿ ಗೋಡೆ ಹಿಗ್ಗುತ್ತದೆ, ರೆಟಿನಾ ತೆಳ್ಳಗಾಗುತ್ತದೆ. ರೆಟಿನಾದ ನಡುವಿನ ಚುಕ್ಕೆಯಂಥ ಜಾಗ, ಅಕ್ಷರ ಓದುವ ಜಾಗ, ಹುಟ್ಟಿದ ಮೇಲೂ ಕೆಲವು ವರ್ಷ ಪಕ್ವವಾಗುತ್ತಾ ಇರುತ್ತದೆ. ಉಪಯೋಗಕ್ಕೆ ಬಾರದ ಕಣ್ಣು ಪಕ್ಕಕ್ಕೆ ವಾಲುತ್ತದೆ. ಮೆಳ್ಳಗಣ್ಣು ಅದೃಷ್ಟ ಎಂದು ಎಷ್ಟೋ ಮನೆಗಳಲ್ಲಿ ತೋರಿಸದೆ ಬಿಡುತ್ತಾರೆ. ಅದರ ಹಿಂದೆ ಪೊರೆ ಇರಬಹುದು, ತೋರಿಸಿ.

ಆಪರೇಷನ್ನಿನಲ್ಲಿ ಏನನ್ನು ತೆಗೆಯುತ್ತಾರೆ?

ಹಿತಕಿದ ಅವರೆ ಮಾಡುವಾಗ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಚೀಲದ ಮುಂಭಾಗದಲ್ಲಿ ದುಂಡಗೆ ಒಂದು ಕಿಂಡಿ ಮಾಡಿ ಒಳಗಿನ ಮಂಜಾದ ತಿರುಳನ್ನು ಹೀರಿ ತೆಗೆಯುತ್ತಾರೆ. ಚೀಲ ಉಳಿಯುತ್ತದೆ. ಮಕ್ಕಳ ತಿರುಳು ಮೆತ್ತಗೆ, ದೊಡ್ಡವರ ಹಾಗೆ ಗಟ್ಟಿಯಲ್ಲ. ಆದರೆ ಚೀಲ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ಕಿಂಡಿ ಅಂಚಿಗೆ ಹರಿದು ಓಡದ ಹಾಗೆ ನೋಡಿಕೊಳ್ಳುವುದು ಕಷ್ಟದ ಕೆಲಸ.

ಚಿಕ್ಕ ಮಕ್ಕಳಲ್ಲಿ ಚೀಲದ ಹಿಂಭಾಗದಲ್ಲೂ ಕಿಂಡಿ ಮಾಡಿ, ಅದರ ಹಿಂದಿರುವ ಜೆಲ್ಲಿಯಂಥ ವಿಟ್ರಿಯಸ್‌ನಿಂದ ಸ್ವಲ್ಪ ತೆಗೆಯುತ್ತಾರೆ. "ಚೆನ್ನಾಗಿರುವುದನ್ನು ಯಾಕೆ ತೂತು ಮಾಡಿದರು?" ಎಂದು ಒಬ್ಬ ತಂದೆ ಸಿಟ್ಟಿನಿಂದ ಕೇಳಿದ್ದರು. ಉತ್ತರ ಕೆಳಗಿದೆ.

ತೆಗೆದ ಪೊರೆ ಮತ್ತೆ ಬೆಳೆಯುತ್ತದಾ?

ಅದೇ ಪೊರೆ ಬೆಳೆಯುವುದಿಲ್ಲ. ಆದರೆ ಚೀಲದ ಒಳಮೈಗೆ ಅಂಟಿದ ಆ ಒಂದು ಸಾಲು ಜೀವಕೋಶಗಳನ್ನು ಪೂರ್ತಿ ತೊಳೆದುಹಾಕಲು ಯಾರಿಂದಲೂ ಆಗುವುದಿಲ್ಲ. ಮಗುವಿನ ಜೀವಕೋಶ ಅಂದರೆ ಬೆಳೆಯುವ ಹುಮ್ಮಸ್ಸು. ಉಳಿದವು ಮತ್ತೆ ಮತ್ತೆ ಇಬ್ಭಾಗವಾಗುತ್ತಾ ಚೀಲದ ಹಿಂಭಾಗಕ್ಕೆ ಹರಿದಾಡುತ್ತವೆ. ಕೆಲವು ಎಳೆಯಾಗಲು ಹೋಗಿ, ಆಗದೆ, ದುಂಡಗೆ ಉಬ್ಬುತ್ತವೆ. ಸ್ಲಿಟ್ ಲ್ಯಾಂಪಿನಲ್ಲಿ ನೋಡಿದಾಗ ಬೆಂದ ಸಬ್ಬಕ್ಕಿ ಒತ್ತೊತ್ತಾಗಿ ಕೂತ ಹಾಗೆ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ಕಣ್ಣು ಕೀಳಲು ಆಗಿರಲಿಲ್ಲ, ಅಷ್ಟು ಹೊಳೆಯುತ್ತಿದ್ದವು. ಇನ್ನು ಕೆಲವು ತಮ್ಮ ಗುಣವನ್ನೇ ಬದಲಿಸಿ ಗಾಯದ ಕಲೆಯ ನಾರಿನ ಹಾಗಾಗಿ, ಚೀಲವನ್ನು ಸುಕ್ಕುಗಟ್ಟಿಸುತ್ತವೆ.

ಚಿಕ್ಕ ಮಕ್ಕಳಲ್ಲಿ ಹಿಂದಿನ ಚೀಲವನ್ನು ಹಾಗೇ ಬಿಟ್ಟರೆ ಹೆಚ್ಚೂ ಕಡಿಮೆ ಎಲ್ಲರಿಗೂ ಈ ಮಂಜು ಬರುತ್ತದೆ. ವಿಟ್ರಿಯಸ್‌ನ ಮೇಲ್ಮೈ ಹಿಡಿದುಕೊಂಡೂ ಈ ಜೀವಕೋಶಗಳು ಹಬ್ಬುತ್ತವೆ. ಆ ತಂದೆ ಕೇಳಿದ ತೂತು ಇದಕ್ಕಾಗಿ. ನಡುದಾರಿ ತೆರೆದಿದ್ದರೆ ಬೆಳಕು ಹೋಗುತ್ತದೆ. ಇಷ್ಟಾದರೂ ಕೆಲವರಿಗೆ ಮತ್ತೊಮ್ಮೆ ಸ್ವಚ್ಛ ಮಾಡಬೇಕಾಗಬಹುದು. ಅದರಿಂದ ಮೊದಲ ಆಪರೇಷನ್ ಕೆಟ್ಟಿತು ಎಂದೇನೂ ಅಲ್ಲ.

ಆಪರೇಷನ್ ನಂತರ ಇಷ್ಟೊಂದು ಡ್ರಾಪ್ಸ್ ಯಾಕೆ?

ಮಕ್ಕಳ ಕಣ್ಣಿನ ಅಂಗಾಂಶ ಗಾಯಕ್ಕೆ ಜೋರಾಗಿ ಪ್ರತಿಕ್ರಿಯೆ ಕೊಡುತ್ತದೆ. ಒಳಗಿನ ತಿಳಿನೀರಿನಲ್ಲಿ ಜೇಡರ ಬಲೆಯಂಥ ಎಳೆ ಕಟ್ಟುತ್ತದೆ. ಪಾಪೆಯ ಅಂಚು ಹಿಂದಿನ ಚೀಲಕ್ಕೆ ಅಂಟಿಕೊಂಡುಬಿಡಬಹುದು. ಸ್ಟೀರಾಯ್ಡ್ ಡ್ರಾಪ್ಸ್ ಊತ ಇಳಿಸಲು, ಪಾಪೆ ಹಿಗ್ಗಿಸುವ ಡ್ರಾಪ್ಸ್ ಅಂಟದಿರಲು. ಮಗು ಅಳುತ್ತದೆ ಎಂದು ಬಿಡಬೇಡಿ. ಡಾಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ದಿನವೂ ಹಾಕಬೇಡಿ. ಸ್ಟೀರಾಯ್ಡ್ ಕಣ್ಣಿನ ಒತ್ತಡ ಏರಿಸುತ್ತದೆ.

ಅಜ್ಜನಿಗೆ ಒಳಗೇ ಲೆನ್ಸ್ ಇಟ್ಟರು. ನಮ್ಮ ಕೂಸಿಗೆ ಯಾಕೆ ಇಡಲಿಲ್ಲ?

ಹುಟ್ಟಿದಾಗ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್. ದೊಡ್ಡವರಾದಾಗ 23ರಿಂದ 24. ಇದರಲ್ಲಿ ಬಹುಪಾಲು ಮೊದಲ ಎರಡು ವರ್ಷದಲ್ಲೇ ಬೆಳೆಯುತ್ತದೆ. ಇವತ್ತು ಸರಿಹೊಂದುವ ಲೆನ್ಸ್ ಒಳಗಿಟ್ಟರೆ ವರ್ಷ ಕಳೆಯುವುದರೊಳಗೆ ಪವರ್ ತಪ್ಪುತ್ತದೆ. ಹೊರಗಿನ ಕನ್ನಡಕವನ್ನಾದರೆ ಬದಲಿಸಬಹುದು.

ಅಮೆರಿಕದಲ್ಲಿ ಒಂದೇ ಕಣ್ಣಿನ ಪೊರೆ ಇದ್ದ 114 ಕೂಸುಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಏಳು ತಿಂಗಳೊಳಗೆ ಆಪರೇಷನ್ ಆದ ಇವರಲ್ಲಿ ಅರ್ಧ ಜನಕ್ಕೆ ಒಳಗೆ ಲೆನ್ಸ್ ಇಟ್ಟರು, ಅರ್ಧ ಜನಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟರು. ನಾಲ್ಕೂವರೆ ವರ್ಷದ ಹೊತ್ತಿಗೆ ದೃಷ್ಟಿಯಲ್ಲಿ ವ್ಯತ್ಯಾಸ ಇರಲಿಲ್ಲ. ಒಳಗೆ ಲೆನ್ಸ್ ಇಟ್ಟವರಿಗೆ ಮಾತ್ರ ಮತ್ತೆ ಆಪರೇಷನ್ ಮಾಡಬೇಕಾಗಿ ಬಂದದ್ದು ಹೆಚ್ಚು. ಅದಕ್ಕೇ ತೀರಾ ಚಿಕ್ಕ ಕೂಸುಗಳಲ್ಲಿ ಹಲವರು ಕಾದು ಇಡುತ್ತಾರೆ. ದೊಡ್ಡ ಮಕ್ಕಳಲ್ಲಿ ಅದೇ ಆಪರೇಷನ್ನಿನಲ್ಲಿ ಇಡುವುದು ಸಾಮಾನ್ಯ.

ಆ ದಪ್ಪ ಕನ್ನಡಕ ನೋಡಿ ನೆಂಟರು ಅಯ್ಯೋ ಪಾಪ ಅನ್ನುತ್ತಾರೆ. ಅನ್ನಲಿ. ಕನ್ನಡಕ ತೆಗೆದಿಟ್ಟರೆ ಮಾಡಿದ ಆಪರೇಷನ್ ದಂಡ. ಲೆನ್ಸ್ ಇಲ್ಲದ ಕಣ್ಣಿಗೆ ಅದೇ ಲೆನ್ಸ್.

ಎಲ್ಲ ಸರಿಯಾಗಿದೆ. ಆದರೂ ಒತ್ತಡ ನೋಡಬೇಕು ಅಂತ ಯಾಕೆ ಕರೆಯುತ್ತಾರೆ?

ಕಣ್ಣೊಳಗಿನ ನೀರು ಹೊರಗೆ ಹೋಗಲು ಅಂಚಿನಲ್ಲಿ ಜರಡಿಯಂಥ ಅಂಗಾಂಶ ಇದೆ. ಎಳೆಯ ವಯಸ್ಸಿನಲ್ಲಿ ಪೊರೆ ತೆಗೆಸಿಕೊಂಡ ಕೆಲವು ಮಕ್ಕಳಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ನೀರು ನಿಂತು ಒತ್ತಡ ಏರಿ ನರವನ್ನು ಹಾಳುಮಾಡುತ್ತದೆ. ಇದು ಗ್ಲಾಕೋಮ. ಮೇಲೆ ಹೇಳಿದ ಅದೇ ಅಧ್ಯಯನದಲ್ಲಿ ಹತ್ತು ವರ್ಷದ ಹೊತ್ತಿಗೆ ಐದರಲ್ಲಿ ಒಂದಕ್ಕೂ ಹೆಚ್ಚು ಕೂಸುಗಳಿಗೆ ಗ್ಲಾಕೋಮ ಬಂದಿತ್ತು. ಆಪರೇಷನ್ ಆಗಿ ಹತ್ತು ವರ್ಷದ ನಂತರವೂ ಬರಬಹುದು, ನೋವೇ ಇಲ್ಲದೆ. ಕಾರ್ನಿಯಾ ಕೂಡ ಈ ಮಕ್ಕಳಲ್ಲಿ ದಪ್ಪಗಾಗಿರುತ್ತದೆ. ದಪ್ಪ ಕಾರ್ನಿಯಾದ ಮೇಲೆ ಅಳೆದಾಗ ಒತ್ತಡ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಆದ್ದರಿಂದ ದಪ್ಪವನ್ನೂ ಅಳೆಯುತ್ತಾರೆ. ಕಣ್ಣಲ್ಲಿ ಸುಮ್ಮನೆ ನೀರು ಸುರಿಯುವುದು, ಬೆಳಕು ಕಂಡರೆ ಮುಖ ಮುಚ್ಚಿಕೊಳ್ಳುವುದು, ಕಪ್ಪು ಗುಡ್ಡೆ ದೊಡ್ಡದಾದಂತೆ ಅಥವಾ ಮಂಕಾದಂತೆ ಕಾಣುವುದು, ಇವು ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ಪ್ಯಾಚ್ ಹಾಕಿದರೆ ಕಿತ್ತು ಬಿಸಾಡುತ್ತಾನೆ. ಏನು ಮಾಡಲಿ?

ಕೀಳದ ಮಗುವನ್ನು ನಾನು ನೋಡಿಲ್ಲ. ಪೊರೆ ತೆಗೆದ ಕಣ್ಣು ನೋಡಲು ಕಲಿಯಲಿ ಎಂದು ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚುತ್ತಿದ್ದೇವೆ, ಅವನಿಗೆ ಅದು ಅನ್ಯಾಯವೇ. ಹೋದ ವರ್ಷ ಒಂದು ಒಂಬತ್ತು ತಿಂಗಳ ಕೂಸು ಪ್ಯಾಚ್ ಕಿತ್ತು ತನ್ನ ಅಜ್ಜಿಯ ಕೆನ್ನೆಗೆ ಅಂಟಿಸಿತು. ಅಜ್ಜಿ ಅದನ್ನು ತೆಗೆಯಲಿಲ್ಲ. ತಾನು ಒಂದು ಹಾಕಿಕೊಂಡೇ ಕೂಸಿಗೆ ಇನ್ನೊಂದು ಹಾಕಿದರು. ಆಮೇಲೆ ದಿನಾ ಅದೇ ಆಟವಂತೆ.

ಊಟ ಮಾಡಿಸುವಾಗ, ಆಟದ ಹೊತ್ತಿನಲ್ಲಿ ಹಾಕಿ. ನಿದ್ದೆಯಲ್ಲಿ ಹಾಕಿದರೆ ಉಪಯೋಗವಿಲ್ಲ. ಮೊಣಕೈ ಮಡಚದ ಹಾಗೆ ರಟ್ಟಿಗೆ ಬಟ್ಟೆ ಸುತ್ತಿ ಮೆತ್ತಗೆ ಕಟ್ಟುವವರೂ ಇದ್ದಾರೆ. ಎಷ್ಟು ಗಂಟೆ ಎಂದು ಡಾಕ್ಟರ್ ಹೇಳುತ್ತಾರೆ. ಒಂದು ದಿನ ಕಡಿಮೆಯಾದರೆ ಕೈಚೆಲ್ಲಬೇಡಿ, ಮಾರನೇ ದಿನ ಮತ್ತೆ ಶುರುಮಾಡಿ.

ನಮ್ಮ ಹುಡುಗಿಗೆ ಹತ್ತು ವರ್ಷ. ಈಗ ಮಾಡಿಸಿ ಪ್ರಯೋಜನ ಇದೆಯಾ?

ಇದೆ, ಮಾಡಿಸಿ. ಮೊದಲ ತಿಂಗಳುಗಳಲ್ಲಿ ಸಿಗುತ್ತಿದ್ದಷ್ಟು ಚುರುಕು ದೃಷ್ಟಿ ಸಿಗದಿರಬಹುದು. ಆದರೂ ತಡವಾಗಿ ಆಪರೇಷನ್ ಆದ ಮಕ್ಕಳು ನೋಡಲು ಕಲಿಯುತ್ತಾರೆ ಎಂದು ವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಎಂಬ ಯೋಜನೆ ತೋರಿಸಿದೆ. ನಮ್ಮ ದೇಶದ 8ರಿಂದ 17 ವರ್ಷದ ಐದು ಮಕ್ಕಳ ಬಗ್ಗೆ 2011ರಲ್ಲಿ ಅವರ ತಂಡ ಬರೆಯಿತು. ಕೈಯಲ್ಲಿ ಮುಟ್ಟಿ ಗೊತ್ತಿದ್ದ ವಸ್ತುವನ್ನು ಆಪರೇಷನ್ ಆದ ಕೂಡಲೇ ಕಣ್ಣಿನಿಂದ ಗುರುತಿಸಲು ಅವರಿಗೆ ಆಗಲಿಲ್ಲ. ಆದರೆ ಪರೀಕ್ಷೆಗೆ ಮತ್ತೆ ಸಿಕ್ಕವರು ಕೆಲವೇ ದಿನಗಳಲ್ಲಿ ಬಹಳ ಸುಧಾರಿಸಿದ್ದರು.

ಜೇನುತುಪ್ಪ, ಎದೆಹಾಲು, ಸೊಪ್ಪಿನ ರಸ ಹಾಕಿದರೆ ಕರಗುತ್ತದಾ?

ಕರಗುವುದಿಲ್ಲ. ಮೇಲಿನಿಂದ ಹಾಕಿದ್ದು ಲೆನ್ಸನ್ನು ತಿಳಿ ಮಾಡಲಾರದು. ಸೋಂಕಾಗಿ ಕಾರ್ನಿಯಾದಲ್ಲಿ ನಿಜವಾಗಿಯೂ ಹೂವು ಬೀಳಬಹುದು.

ದುಡ್ಡಿಲ್ಲ. ಏನು ದಾರಿ?

ಹುಟ್ಟಿನಿಂದ ಬಂದ ಪೊರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿದೆ. 18 ವರ್ಷದವರೆಗಿನ ಮಕ್ಕಳಿಗೆ ಚಿಕಿತ್ಸೆ ಉಚಿತ. ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಇವತ್ತೇ ಕೇಳಿ. ದುಡ್ಡು ಕೂಡಿಸಲು ಆರು ತಿಂಗಳು ಕಾಯಬೇಡಿ.

ಮುಂದಿನ ಮಗುವಿಗೂ ಬರುತ್ತದಾ?

ಅದು ಕಾರಣದ ಮೇಲೆ ಹೋಗುತ್ತದೆ. ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರಿಂದ ನೇರವಾಗಿ ಬರುವ ಬಗೆಯಾದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಅದಕ್ಕೇ ಮಗುವನ್ನು ಕರೆತಂದಾಗ ಅಪ್ಪ-ಅಮ್ಮನ ಕಣ್ಣನ್ನೂ ನೋಡುತ್ತೇವೆ. ಒಬ್ಬ ತಂದೆ "ನನಗೇನೂ ಇಲ್ಲ ಮೇಡಂ, ಲಾರಿ ಓಡಿಸ್ತೀನಿ" ಎನ್ನುತ್ತಲೇ ಸ್ಲಿಟ್ ಲ್ಯಾಂಪಿಗೆ ಗಲ್ಲ ಇಟ್ಟರು. ಎರಡೂ ಲೆನ್ಸಿನ ಅಂಚಿನಲ್ಲಿ ರಾಗಿಕಾಳಿಗಿಂತ ಎಷ್ಟೋ ಸಣ್ಣ ಚುಕ್ಕೆಗಳು. ಅವರ ದೃಷ್ಟಿಗೆ ಯಾವ ತೊಂದರೆಯೂ ಆಗಿರಲಿಲ್ಲ, ಗೊತ್ತೂ ಇರಲಿಲ್ಲ. ಎರಡು ವರ್ಷದ ನಂತರ ಅವರ ಎರಡನೇ ಮಗುವನ್ನು ಹುಟ್ಟಿದ ಆರನೇ ದಿನಕ್ಕೇ ಕರೆತಂದರು. ನೀವೂ ಹಾಗೇ ಮಾಡಿ. ಮನೆಯಲ್ಲಿ ಒಂದು ಮಗುವಿಗೆ ಇದ್ದರೆ ಮುಂದಿನ ಕೂಸನ್ನು ಹೆರಿಗೆಯಾದ ಮೊದಲ ವಾರದಲ್ಲೇ ತೋರಿಸಿ.